ಹಗುರವಾದ ಕೈ



ಈ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದಾಗ ನಮಗೆ ಮೊದಲು ನೆನಪಿಗೆ ಬಂದದ್ದು ಶಾಲೆಯ ಪ್ರಾರ್ಥನಾಮಂದಿರದ ಮೂಲೆಯಲ್ಲಿದ್ದ ಹಳೆಯ ಪಿಯಾನೋ. ಕೋಲಾರದ ಚಿನ್ನದ ಗಣಿಗಳು ಇನ್ನೂ ನಡೆಯುತ್ತಲಿದ್ದ ಕಾಲವದು. ನಮ್ಮಲ್ಲಿ ಕೆಲವರು ಬಂಗಾರಪೇಟೆಯಿಂದ ಮಾರಿಕುಪ್ಪದ ರೈಲನ್ನೇರಿ ಬರುತ್ತಿದ್ದೆವು. ಉಳಿದವರು ಊರಿಗಾಂ, ಚಾಂಪಿಯನ್ ರೀಫ್ ಮೊದಲಾದ ಕಡೆಯ ಗಣಿಕೆಲಸಗಾರರ ಮಕ್ಕಳು. ಮನೆಗಳಲ್ಲಿ ಕನ್ನಡ, ತಮಿಳು, ತೆಲುಗು ಎಂದು ಮಾತು ಬೇರೆಯಾಗಿದ್ದರೂ ಪಿಯಾನೋದ ಮುಂದೆ ಎಲ್ಲರದೂ ಒಂದೇ ಭಯ.

ಯಾಕಂದರೆ ನಮಗೆ ಮೊದಲು ಕಲಿಸಿದವರು ಬಹು ಶ್ರದ್ಧಾವಂತರಾದರೂ ಕಠಿಣರು. ಕೈಯ ಹಿಂಭಾಗದ ಮೇಲೆ ಒಂದು ಕಾಸನ್ನಿಟ್ಟು ನುಡಿಸಹೇಳುವರು. ಕಾಸು ಬಿದ್ದರೆ ರೂಲುದೊಣ್ಣೆಯ ಏಟು. ಆ ಭಯದಿಂದ ಹೆಗಲು ಕಿವಿಯ ತನಕ ಏರುತ್ತಿತ್ತು; ಉಸಿರು ಕಟ್ಟುತ್ತಿತ್ತು. ನಮ್ಮೆಲ್ಲರಲ್ಲಿ ಜಾಣೆಯಾಗಿದ್ದ ಗೆಳತಿಯೊಬ್ಬಳ ಮಣಿಕಟ್ಟು ಪರೀಕ್ಷೆಯ ಮುಂಚೆ ಊದಿಕೊಂಡಿತು. ನೋವೆಂದಾಗ ಅದು ಸೋಮಾರಿತನವೆಂಬ ಉತ್ತರ ಬಂತು. ನಾವೂ ಬಾಯಿ ತೆರೆಯಲಿಲ್ಲ. ಆಕೆ ಪಿಯಾನೋ ಬಿಟ್ಟಳು.

ಮರುವರ್ಷ ಬೇರೊಬ್ಬ ಅಮ್ಮನವರು ಬಂದರು. ಮೊದಲ ದಿನವೇ ಅವರು ಪಿಯಾನೋದ ಮುಚ್ಚಳವನ್ನು ಮುಚ್ಚಿ ನಮ್ಮನ್ನು ಅಂಗಳಕ್ಕೆ ಕರೆದೊಯ್ದರು. "ನಿಮ್ಮ ರೈಲು ಹೇಗೆ ಸದ್ದುಮಾಡುತ್ತದೆ? ಹಾಗೆ ನಡೆಯಿರಿ" ಎಂದರು. ಕಾಲಿನಿಂದ ಒಂದು ಲಯ, ಚಪ್ಪಾಳೆಯಿಂದ ಮತ್ತೊಂದು. ನಾವು ನಕ್ಕೆವು, ನಗುತ್ತಲೇ ತಾಳ ಕಲಿತೆವು.

ಬಳಿಕ ಗಿಡ್ಡ ಹುಡುಗಿಯರ ಕೆಳಗೆ ಮಡಿಸಿದ ಜಮಖಾನೆಯನ್ನಿಟ್ಟು, ಮೊಣಕೈ ಮಣೆಗಳ ಸಮಕ್ಕೆ ಬರುವಂತೆ ಕೂರಿಸಿದರು. "ತೊಯ್ದ ಸೀರೆಯನ್ನು ಹಗ್ಗದ ಮೇಲೆ ಬಿಟ್ಟಂತೆ ತೋಳಿನ ಭಾರವನ್ನು ಬಿಡಿರಿ" ಎಂಬುದೇ ಅವರ ಉಪದೇಶ. ಒಂದು ದಿನ ಪಿಯಾನೋದ ಒಳಭಾಗವನ್ನು ತೋರಿಸಿದರು. ಮಣೆಯೊತ್ತಿದಾಗ ಪುಟ್ಟ ಸುತ್ತಿಗೆ ತಂತಿಗೆ ತಾಗಿ ಕೂಡಲೇ ಹಿಂದಕ್ಕೆ ಬೀಳುವುದು. ನಾದ ಹುಟ್ಟಿದ ಮೇಲೆ ಎಷ್ಟು ಒತ್ತಿದರೂ ಅದು ಹೆಚ್ಚದು. ದಣಿಯುವುದು ಕೈ ಮಾತ್ರ!

ಇದು ಅವರೊಬ್ಬರ ಕಲ್ಪನೆಯಲ್ಲವೆಂದು ನಮಗೆ ಮುಂದೆ ತಿಳಿಯಿತು. ಸ್ವಿಟ್ಸರ್ಲೆಂಡಿನ ಜಾಕ್ ಡಾಲ್‌ಕ್ರೋಜ್ ಎಂಬವರು ನಡಿಗೆ, ಚಲನೆಗಳ ಮೂಲಕ ಸಂಗೀತ ಕಲಿಸುವ ಪದ್ಧತಿಯನ್ನು ರೂಪಿಸಿದ್ದರು. ಇಂಗ್ಲೆಂಡಿನ ಟೋಬಾಯಸ್ ಮ್ಯಾಥೇ 1903ರಲ್ಲಿಯೇ ಸ್ಪರ್ಶದ ವಿಷಯವಾಗಿ ದೊಡ್ಡ ಗ್ರಂಥವನ್ನು ಪ್ರಕಟಿಸಿ, ಸ್ನಾಯುಗಳ ಸಡಿಲಿಕೆಯನ್ನು ಬೋಧಿಸಿದ್ದರು. ಜರ್ಮನಿಯ ಮಹಾಸಂಗೀತಕಾರ ಶೂಮನ್ನರೋ ಯೌವನದಲ್ಲಿ ಬಲಗೈ ಬೆರಳು ಕೆಟ್ಟು ವಾದಕರಾಗುವ ಆಶೆಯನ್ನೇ ತೊರೆಯಬೇಕಾಯಿತು.

ಅಮ್ಮನವರು ಒಂದು ದಿನ, "ಹಾಜರಿಪಟ್ಟಿಯಲ್ಲಿ ಈ ಹೆಸರೇಕೆ ಹೊಡೆದುಹಾಕಿದೆ?" ಎಂದು ಕೇಳಿದರು. ನಾವು ತಲೆತಗ್ಗಿಸಿ ನಡೆದದ್ದನ್ನು ಹೇಳಿದೆವು. ಆ ಸಂಜೆಯೇ ಅವರು ನಮ್ಮೊಡನೆ ಆಕೆಯ ಮನೆಗೆ ಬಂದು, ತಾಯಿಯವರ ಎದುರಿನಲ್ಲಿ, "ನೋವೆಂದದ್ದು ನಿಜವೇ ಮಗಳೇ" ಎಂದರು. ಅಷ್ಟಕ್ಕೇ ಆಕೆ ಅತ್ತುಬಿಟ್ಟಳು. ಊತ ಪೂರ್ಣವಾಗಿ ಇಳಿಯುವ ತನಕ ಕೈಗೆ ವಿಶ್ರಾಂತಿ. ಆಮೇಲೆ ದಿನಕ್ಕೆ ಐದೇ ನಿಮಿಷ. ವೇಗದ ಕೃತಿಗಳು ಆಕೆಗೆ ಮತ್ತೆ ಒಲಿಯಲಿಲ್ಲ. ಆದರೂ ವಾರ್ಷಿಕೋತ್ಸವದಲ್ಲಿ ನಮ್ಮ ಹಾಡಿಗೆ ಆಕೆಯೇ ನುಡಿಸಿದಳು.

2001ರಲ್ಲಿ ಗಣಿಗಳು ಮುಚ್ಚಿದುವು. ನಾವು ನಾನಾ ಊರುಗಳಿಗೆ ಚದರಿದೆವು. ಆಕೆ ಮಾತ್ರ ಬಂಗಾರಪೇಟೆಯಲ್ಲಿದ್ದು ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದಾಳೆ. ಮೊದಲ ಪಾಠದಲ್ಲಿ ಯಾವ ಮಗುವೂ ಮಣೆ ಮುಟ್ಟುವುದಿಲ್ಲ. ಅಂಗಳದಲ್ಲಿ ರೈಲಾಗಿ ನಡೆಯುತ್ತದೆ.

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮಗು ನೋವೆಂದರೆ ನಂಬಿರಿ. ಸಹೋದರಿಯರಲ್ಲಿ ಇನ್ನೊಂದು: ಪಕ್ಕದವಳ ನೋವನ್ನು ಕಂಡಾಗ ನಮ್ಮಂತೆ ಸುಮ್ಮನಿರಬೇಡಿರಿ.