ಎಲ್ಲಕ್ಕೂ ಒಂದೇ ರಿಮೋಟು

ಈಗ ಯಾರದೇ ಮನೆಯ ಚಾವಡಿಗೆ ಹೋದರೂ ಟೀಪಾಯಿಯ ಮೇಲೆ ದಿನಪತ್ರಿಕೆಯ ಪಕ್ಕದಲ್ಲಿ ಮೂರೋ ನಾಲ್ಕೋ ರಿಮೋಟುಗಳು ಸಾಲಾಗಿ ಮಲಗಿರುತ್ತವೆ. ಟಿವಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು, ಹೋಮ್ ಥಿಯೇಟರ್ ಇದ್ದರೆ ಅದಕ್ಕೊಂದು. ಇತ್ತೀಚೆಗೆ ಫ್ಯಾನಿಗೂ ರಿಮೋಟು ಬಂದಿದೆ. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರನ್ನು ತೆಗೆಯದೆ, ಅದರ ಮೇಲೊಂದು ರಬ್ಬರ್ ಬ್ಯಾಂಡ್ ಸುತ್ತಿ, ವರ್ಷಗಟ್ಟಲೆ ಹಾಗೆಯೇ ಬಳಸುವವರು ನಾವು. ಒತ್ತಿದಾಗ ಕೆಲಸ ಮಾಡದಿದ್ದರೆ ಅಂಗೈಗೆ ಎರಡು ಏಟು. ಅದಕ್ಕೂ ಬಗ್ಗದಿದ್ದರೆ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿಯನ್ನು ಬೆರಳಿನಿಂದ ತುಸು ತಿರುಗಿಸುವುದು. ಈ ವಿದ್ಯೆಯನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ಆದರೂ ಎಲ್ಲರಿಗೂ ಗೊತ್ತು.

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಮನೆಯ ಅತಿ ಚಿಕ್ಕ ಮಗುವೇ ರಿಮೋಟಾಗಿತ್ತು. "ಸ್ವಲ್ಪ ಸೌಂಡ್ ಜಾಸ್ತಿ ಮಾಡು" ಎಂದರೆ ಎದ್ದು ಹೋಗುತ್ತಿತ್ತು. ಆಮೇಲೆ ಕೇಬಲ್ ಬಂತು, ಟಿವಿಯೊಂದಿಗೆ ರಿಮೋಟೂ ಬಂತು. ಒಂದಿದ್ದದ್ದು ಎರಡಾದದ್ದು ಮಾತ್ರ ಡಿಶ್ ಮತ್ತು ಸೆಟ್‌ಟಾಪ್ ಬಾಕ್ಸಿನಿಂದ. ಕೇಬಲ್ ಟಿವಿಯನ್ನು ಡಿಜಿಟಲ್ ಮಾಡಬೇಕೆಂಬ ಕಾನೂನು 2012ರಿಂದ ಹಂತ ಹಂತವಾಗಿ ಜಾರಿಯಾಗಿ, ಬೆಂಗಳೂರು ಮತ್ತು ಮೈಸೂರಿನ ಸರದಿ 2013ರಲ್ಲಿ ಬಂದು, ಬಳಿಕ ಸಣ್ಣ ಊರುಗಳಿಗೂ ತಲುಪಿದಾಗ ಬಾಕ್ಸ್ ಇಲ್ಲದ ಮನೆಯೇ ಇಲ್ಲವೆಂಬಂತಾಯಿತು. ಟಿವಿಯ ರಿಮೋಟಿಗೆ ಉಳಿದದ್ದು ಹಾಕುವ, ಆರಿಸುವ ಕೆಲಸ ಮಾತ್ರ. ಆದರೆ ಅದು ಕಳೆದುಹೋದರೆ ಉಳಿದ ಯಾವುದೂ ಪ್ರಯೋಜನವಿಲ್ಲ.

ಇಷ್ಟೆಲ್ಲ ಯಾಕೆ, ಎಲ್ಲಕ್ಕೂ ಒಂದೇ ಇದ್ದರಾಗದೇ ಎಂಬ ಯೋಚನೆ ಹೊಸದೇನಲ್ಲ. ಆಪಲ್ ಕಂಪ್ಯೂಟರಿನ ಸ್ಟೀವ್ ವೋಜ್ನಿಯಾಕ್ ಆ ಕಂಪೆನಿಯಿಂದ ಹೊರಬಂದ ಮೇಲೆ ಕಟ್ಟಿದ ಸಂಸ್ಥೆ 1987ರಲ್ಲಿ ಮಾರುಕಟ್ಟೆಗೆ ತಂದದ್ದು ಇಂತಹ ಒಂದು ರಿಮೋಟನ್ನೇ. ಬೇರೆ ರಿಮೋಟುಗಳ ಸಂಕೇತಗಳನ್ನು ಅದು ಕಲಿತುಕೊಳ್ಳುತ್ತಿತ್ತು. ಮುಂದೆ ಈ ಬಗೆಯಲ್ಲಿ ಹೆಸರು ಮಾಡಿದ್ದು ಕೆನಡಾದಲ್ಲಿ ಹುಟ್ಟಿದ ಹಾರ್ಮನಿ. 2004ರಲ್ಲಿ ಲಾಜಿಟೆಕ್ ಕಂಪೆನಿ ಅದನ್ನು ಕೊಂಡುಕೊಂಡಿತು. ಯಾವ ಯಂತ್ರಕ್ಕೆ ಯಾವ ಬಟನ್ ಎಂದು ಬಳಸುವವರು ಯೋಚಿಸಬೇಕಾಗಿಲ್ಲ. 'ಟಿವಿ ನೋಡು', 'ಸಿನಿಮಾ ನೋಡು', 'ಹಾಡು ಕೇಳು' ಎಂದು ಮಾಡಬೇಕಾದ ಕೆಲಸವನ್ನಷ್ಟೇ ಹೇಳಿದರೆ ಸಾಕು ಎಂಬುದು ಅದರ ವಿಶೇಷ. ಆ ಬಗೆಯ ಒಂದು ರಿಮೋಟು ನಮ್ಮ ಮನೆಗೂ ಬಂತು. ಅದು ಬೇರೆ ಕಂಪೆನಿಯದು, ಹೆಸರು ಇಲ್ಲಿ ಬೇಡ.

2013ರ ಎಪ್ರಿಲ್‌ನಲ್ಲಿ ವಿದೇಶದಿಂದ ರಜೆಗೆ ಬಂದ ಮೈದುನ ಅದನ್ನು ತಂದಿದ್ದ. ಅದರ ಹಿಂದಿನ ವರ್ಷ ಮಾವ ತೀರಿಕೊಂಡಿದ್ದರು. ನಾನು ಶಾಲೆಗೆ, ಮನೆಯವರು ಸೊಸೈಟಿಗೆ, ಮಗ ತರಗತಿಗೆ ಹೋದರೆ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಅತ್ತೆ ಒಬ್ಬರೇ. ಪುತ್ತೂರು ಪೇಟೆಯಿಂದ ನಾಲ್ಕು ಮೈಲು ಒಳಗೆ, ತೋಟದ ನಡುವಿನ ಮನೆ. "ಅಮ್ಮನ ಹಗಲು ಕಳೆಯಲಿ ಅತ್ತಿಗೆ" ಎಂದು ದೊಡ್ಡ ಟಿವಿ ಕೊಂಡ, ಹೋಮ್ ಥಿಯೇಟರ್ ಕೊಂಡ. ಎರಡು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕುಳಿತು, ಪ್ರತಿಯೊಂದು ಯಂತ್ರದ ಬೆನ್ನಿನಲ್ಲಿರುವ ನಂಬರ್ ನೋಡಿ ಟೈಪ್ ಮಾಡಿ, ಇಂಟರ್‌ನೆಟ್ಟಿನಲ್ಲಿ ತನ್ನ ಹೆಸರಿನಲ್ಲೊಂದು ಖಾತೆ ತೆರೆದು, ಆ ರಿಮೋಟಿಗೆ ನಮ್ಮ ಮನೆಯ ಪಾಠ ಹೇಳಿಕೊಟ್ಟ. ಅವನ ಅಕ್ಕರೆಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಅತ್ತೆಗೆ ಆಗ ಎಪ್ಪತ್ತೆರಡು. ಯಂತ್ರ ಕಂಡರೆ ಹೆದರುವವರಲ್ಲ. ಮಿಕ್ಸಿ, ಗ್ಯಾಸ್, ತೋಟದ ಪಂಪು ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಒಂದು ಬಟನ್ ಒತ್ತಿದ ಕೂಡಲೇ ಟಿವಿ ಹೊತ್ತಿಕೊಂಡು, ಬಾಕ್ಸ್ ಎಚ್ಚರಗೊಂಡು, ಧ್ವನಿ ನಾಲ್ಕು ಮೂಲೆಯಿಂದ ಬರುವುದನ್ನು ನೋಡಿ ಅವರೂ ಬೆರಗಾದರು. ಬಂದ ನೆಂಟರಿಗೆಲ್ಲ ಒತ್ತಿ ತೋರಿಸಿದರು. ಮೇ ತಿಂಗಳಿಡೀ ಹೀಗೆ ಸುಖವಾಗಿ ಕಳೆಯಿತು.

ಜೂನ್‌ನಲ್ಲಿ ಮಳೆ ಬಂತು. ನಮ್ಮ ಕಡೆ ಮಳೆ ಬಂತೆಂದರೆ ಕರೆಂಟು ಹೋಯಿತೆಂದೇ ಅರ್ಥ.

ಇಲ್ಲಿ ರಿಮೋಟಿನ ಗುಟ್ಟನ್ನು ಸ್ವಲ್ಪ ಹೇಳಬೇಕು. ಸಾಮಾನ್ಯ ರಿಮೋಟಿನ ಮೂತಿಯಲ್ಲಿರುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಸಣ್ಣ ದೀಪ. ಬಟನ್ ಒತ್ತಿದಾಗ ಅದು ಸೆಕೆಂಡಿಗೆ ಸುಮಾರು 38 ಸಾವಿರ ಬಾರಿಯ ವೇಗದಲ್ಲಿ ಮಿನುಗುತ್ತಾ, ನಡುನಡುವೆ ಬಿಡುವು ಕೊಟ್ಟು, ಒಂದು ಸಂಕೇತವನ್ನು ಕಳಿಸುತ್ತದೆ. ಎದುರಿನ ಯಂತ್ರ ಅದನ್ನು ಓದುತ್ತದೆ. ಆದರೆ ಯಂತ್ರ ತಿರುಗಿ ಏನನ್ನೂ ಹೇಳುವುದಿಲ್ಲ. ರಿಮೋಟಿಗೆ ಬಾಯಿದೆ, ಕಿವಿಯಿಲ್ಲ. ಟಿವಿ ಉರಿಯುತ್ತಿದೆಯೋ ಆರಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ತಾನು ಕೊನೆಯದಾಗಿ ಏನು ಹೇಳಿದ್ದೆನೋ ಅದೇ ನಡೆದಿದೆ ಎಂದು ನಂಬಿಕೊಂಡು ಕೂತಿರುತ್ತದೆ, ಅಷ್ಟೆ.

ಪಂಪಿನ ಸ್ಟಾರ್ಟರನ್ನು ನೋಡಿ. ಹಸಿರು ಬಟನ್ ಹಾಕುವುದಕ್ಕೆ, ಕೆಂಪು ಬಟನ್ ಆರಿಸುವುದಕ್ಕೆ. ಹಸಿರನ್ನು ಹತ್ತು ಸಲ ಒತ್ತಿದರೂ ಪಂಪು ಓಡುತ್ತಲೇ ಇರುತ್ತದೆ. ಟಿವಿ ರಿಮೋಟುಗಳಲ್ಲಿ ಸಾಮಾನ್ಯವಾಗಿ ಎರಡಕ್ಕೂ ಒಂದೇ ಬಟನ್. ಆರಿದ್ದರೆ ಹೊತ್ತುತ್ತದೆ, ಹೊತ್ತಿದ್ದರೆ ಆರುತ್ತದೆ. ಒಂದು ಯಂತ್ರವಾದರೆ ಕಣ್ಣಲ್ಲಿ ನೋಡಿ ಒತ್ತಬಹುದು. ಮೂರನ್ನು ಒಟ್ಟಿಗೆ ಕಟ್ಟಿಹಾಕಿದರೆ?

ಧಾರಾವಾಹಿಯ ನಡುವೆ ಕರೆಂಟು ಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಬರುತ್ತದೆ. ನಮ್ಮ ಬಾಕ್ಸ್ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಟಿವಿ ಮತ್ತು ಹೋಮ್ ಥಿಯೇಟರ್ ನಿದ್ದೆಯಲ್ಲೇ ಇರುತ್ತಿದ್ದವು. ರಿಮೋಟಿನ ಲೆಕ್ಕದಲ್ಲಿ ಮೂರೂ ನಡೆಯುತ್ತಿವೆ. ಹಾಗಾಗಿ 'ಟಿವಿ ನೋಡು' ಎಂದು ಒತ್ತಿದರೆ ಅದು ಏನನ್ನೂ ಮಾಡುವುದಿಲ್ಲ. ಬೇಸತ್ತು 'ಎಲ್ಲ ಆರಿಸು' ಎಂದು ಒತ್ತಿದರೆ ಟಿವಿ ಹೊತ್ತಿಕೊಳ್ಳುತ್ತದೆ, ಬಾಕ್ಸ್ ಆರುತ್ತದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಪದ ಅತ್ತಿಂದಿತ್ತ ತೇಲಾಡುತ್ತವೆ. ಹಾಕು ಎಂದರೆ ಸುಮ್ಮನಿರುವ, ಆರಿಸು ಎಂದರೆ ಹೊತ್ತಿಕೊಳ್ಳುವ ವಸ್ತುವಿನೊಂದಿಗೆ ಯಾರು ತಾನೇ ಹೆಣಗಾಡಲು ಸಾಧ್ಯ? ಇನ್ನು, ಅದು ಮೂರು ಯಂತ್ರಗಳಿಗೆ ಒಂದಾದ ಮೇಲೊಂದರಂತೆ ಸಂಕೇತ ಕಳಿಸುವ ಕೆಲವು ಸೆಕೆಂಡು ಕೈಯನ್ನು ಅಲುಗಿಸದೆ ಹಿಡಿದಿರಬೇಕು. ನಡುವೆ ಯಾರಾದರೂ ಎದುರಿನಿಂದ ಹಾದುಹೋದರೂ ಲೆಕ್ಕ ತಪ್ಪುತ್ತದೆ.

ಅತ್ತೆ ದೂರಲಿಲ್ಲ. ಹೋಮ್ ಥಿಯೇಟರ್ ಏಳದ ಒಂದು ವಾರ ಮಾತೇ ಇಲ್ಲದ ಧಾರಾವಾಹಿಯನ್ನು ನೋಡಿದ್ದರಂತೆ. ಧ್ವನಿಯನ್ನೆಲ್ಲ ಅದಕ್ಕೇ ಒಪ್ಪಿಸಿದ್ದರಿಂದ ಟಿವಿಯ ಬಾಯಿ ಮುಚ್ಚಿತ್ತು. ಮುಖ ನೋಡಿ ಕತೆ ಊಹಿಸಿಕೊಂಡಿದ್ದರು. ಆಮೇಲೆ ಅದನ್ನೂ ಬಿಟ್ಟರು. ಇದು ನಮಗೆ ಗೊತ್ತಾದದ್ದು ನೆರೆಮನೆಯಾಕೆಯಿಂದ. "ಅಮ್ಮ ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಾರೆ. ನಿಮ್ಮ ಟಿವಿ ಹಾಳಾಗಿದೆಯಾ?" ಎಂದು ಆಕೆ ಕೇಳಿದಾಗ ನಾನು ಅತ್ತೆಯ ಬಳಿ ಕೂತು ವಿಚಾರಿಸಿದೆ.

"ಟಿವಿ ಸರಿ ಉಂಟು. ಹಾಳಾದದ್ದು ನನ್ನ ತಲೆ" ಎಂದರು. "ಪ್ರತಿಸಲ ಪುಳ್ಳಿಯನ್ನು ಕರೆಯಬೇಕು. ಅವನು ಕಣ್ಣುಮುಚ್ಚಿ ಬಿಡುವುದರೊಳಗೆ ಸರಿಮಾಡಿ, ಅಜ್ಜಿಗೆ ಇಷ್ಟೂ ಗೊತ್ತಾಗುವುದಿಲ್ಲವಾ ಅಂತಾನೆ. ಯಾಕೆ ಬೇಕು?" ಸ್ವಲ್ಪ ಹೊತ್ತು ಬಿಟ್ಟು, "ಚಿಕ್ಕವನಿಗೆ ಹೇಳಬೇಡ. ಅಷ್ಟು ದೂರದಿಂದ ಹೊತ್ತು ತಂದದ್ದು" ಎಂದರು.

ಹೇಳದೆ ವಿಧಿಯಿರಲಿಲ್ಲ. ಪಾಸ್‌ವರ್ಡ್ ಅವನ ಬಳಿಯಿತ್ತು. ರಾತ್ರಿ ಫೋನಿನಲ್ಲಿ ಅವನು "ಹೆಲ್ಪ್ ಬಟನ್ ಒತ್ತಲು ಹೇಳಿ, ಅದೇ ಕೇಳುತ್ತದೆ" ಎಂದ. ನಿಜ, ಆ ಬಗೆಯ ರಿಮೋಟುಗಳಲ್ಲಿ ಅದೊಂದು ಜಾಣತನ. ತನಗೆ ಕಾಣುವುದಿಲ್ಲವಾದ್ದರಿಂದ ನಮ್ಮನ್ನೇ ಕೇಳುತ್ತದೆ: ಟಿವಿ ಹೊತ್ತಿದೆಯೇ? ಧ್ವನಿ ಬರುತ್ತಿದೆಯೇ? ಹೌದು, ಇಲ್ಲ ಎಂದು ಉತ್ತರಿಸಿದರೆ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ಆದರೆ ಕೇಳುವುದು ಇಂಗ್ಲಿಷಿನಲ್ಲಿ, ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರದಲ್ಲಿ. ಅತ್ತೆ ಕಲಿತದ್ದು ಏಳನೆಯ ತರಗತಿ, ಕನ್ನಡದಲ್ಲಿ.

ಒಂದು ಸಂದೇಹ ನನ್ನನ್ನು ಆಗಲೇ ಕಾಡಿತ್ತು. ವಸ್ತು ಇರುವುದು ಪುತ್ತೂರಿನ ಟೀಪಾಯಿಯ ಮೇಲೆ. ಅದರ ಕೀಲಿಕೈ ಇರುವುದು ಸಮುದ್ರದಾಚೆ, ನಾವು ಏಳುವ ಹೊತ್ತಿಗೆ ಮಲಗುವ ಒಬ್ಬನ ಬಳಿ. ಹಾಗಾದರೆ ಇದರ ಯಜಮಾನರು ಯಾರು? ಇದು ನಮ್ಮ ಮನೆಯೊಂದರ ಕತೆಯೂ ಅಲ್ಲ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಎಲ್ಲವನ್ನೂ ಗಂಡನೇ ಜೋಡಿಸಿದ್ದರಿಂದ ಅವರು ಊರಲ್ಲಿಲ್ಲದ ದಿನ ಮನೆಯೇ ಮೌನ. ಗಂಡಸರು ಜೋಡಿಸುತ್ತಾರೆ, ಹೆಚ್ಚು ಹೊತ್ತು ಬಳಸುವವರು ಹೆಂಗಸರು, ಮುದುಕರು. ಏನು ಬೇಕೆಂದು ಇವರನ್ನು ಕೇಳುವ ಪದ್ಧತಿ ಮಾತ್ರ ಇಲ್ಲ. ಕಣ್ಣು ಮಂಜಾಗಿದ್ದ ನಮ್ಮ ನಿವೃತ್ತ ಹೆಡ್ಮಾಸ್ತರರೊಬ್ಬರು ಅಂಗಡಿಯಲ್ಲಿ ರಿಮೋಟು ಕೊಳ್ಳುವಾಗ 5ರ ಬಟನ್ ಮೇಲಿನ ಸಣ್ಣ ಗುಬ್ಬಿಯನ್ನು ಬೆರಳಿನಿಂದ ಮುಟ್ಟಿ ನೋಡಿಯೇ ಆರಿಸುತ್ತಿದ್ದರು. ಅದು ಸಿಕ್ಕಿದರೆ ಉಳಿದ ಅಂಕಿಗಳ ಜಾಗ ಬೆರಳಿಗೆ ಗೊತ್ತಾಗುತ್ತದೆ. ನಾನು ಅಷ್ಟು ವರ್ಷ ರಿಮೋಟು ಹಿಡಿದರೂ ಆ ಗುಬ್ಬಿಯನ್ನು ಗಮನಿಸಿರಲಿಲ್ಲ.

ಕೊನೆಗೆ ಪೇಟೆಯ ಟಿವಿ ರಿಪೇರಿಯವರನ್ನು ಕರೆಸಿದೆವು. ಅವರು ಬಂದವರೇ ಯಂತ್ರಗಳ ಕಡೆ ನೋಡದೆ ಅತ್ತೆಯ ಎದುರು ಕುಕ್ಕರುಗಾಲಿನಲ್ಲಿ ಕೂತರು. "ಅಮ್ಮಾ, ನಿಮಗೆ ಯಾವ್ಯಾವ ಬಟನ್ ಬೇಕು?" ಅತ್ತೆ ಬೆರಳು ಮಡಚಿ ಹೇಳಿದರು: ಹಾಕಲು, ಆರಿಸಲು, ದೊಡ್ಡದು ಮಾಡಲು, ಸಣ್ಣದು ಮಾಡಲು, ಮತ್ತೆ ಅಂಕಿಗಳು. ಚಾನೆಲ್‌ಗಳ ನಂಬರು ಅವರಿಗೆ ಬಾಯಿಪಾಠವಿತ್ತು.

ಹೊಸ ರಿಮೋಟೇ ಬೇಕಾಗಲಿಲ್ಲ. ಬಾಕ್ಸಿನ ಮಾಮೂಲಿ ರಿಮೋಟಿನ ಮೇಲ್ಭಾಗದಲ್ಲಿ ಟಿವಿಗೆಂದೇ ಬಿಟ್ಟ ಮೂರು ನಾಲ್ಕು ಬಟನ್‌ಗಳಿದ್ದವು. ಅದರ ಮೂತಿಗೆ ಟಿವಿ ರಿಮೋಟಿನ ಮೂತಿಯನ್ನು ಎದುರುಬದುರಾಗಿಟ್ಟು, ಇದನ್ನೊಮ್ಮೆ ಅದನ್ನೊಮ್ಮೆ ಒತ್ತಿ, ಐದು ನಿಮಿಷದಲ್ಲಿ ಅದಕ್ಕೆ ಕಲಿಸಿದರು. ಹೋಮ್ ಥಿಯೇಟರಿನ ತಂತಿ ಕಳಚಿ ಧ್ವನಿಯನ್ನು ಟಿವಿಗೇ ಮರಳಿಸಿದರು. ಬಾಕ್ಸ್ ಸದಾ ಎಚ್ಚರವಾಗಿರಲಿ, ಟಿವಿ ಒಂದನ್ನೇ ಹಾಕಿ ಆರಿಸಿದರೆ ಸಾಕು ಎಂದರು. ಬೇಡದ ಬಟನ್‌ಗಳ ಮೇಲೆ ಬಿಳಿ ಅಂಟುಪಟ್ಟಿ ಬಿತ್ತು. ಹಾಕುವ ಬಟನ್ನಿಗೆ ನನ್ನ ಸೊಸೆ, ಅಂದರೆ ಅಣ್ಣನ ಮಗಳು, ತನ್ನ ಕೆಂಪು ನೈಲ್ ಪಾಲಿಶ್ ಹಚ್ಚಿದಳು. ಹೊರಡುವಾಗ ರಿಪೇರಿಯವರು ತಮ್ಮ ಮೊಬೈಲ್ ಕ್ಯಾಮೆರಾದ ಎದುರು ರಿಮೋಟು ಹಿಡಿದು ಒತ್ತಿ ತೋರಿಸಿದರು. ಪರದೆಯಲ್ಲಿ ನೇರಳೆ ಬಣ್ಣದ ಚುಕ್ಕೆ ಮಿನುಗಿತು. "ಅಯ್ಯೋ, ಇದರಲ್ಲಿ ದೀಪ ಉಂಟಾ!" ಎಂದು ಅತ್ತೆ ಮಗುವಿನಂತೆ ನಕ್ಕರು. ಬ್ಯಾಟರಿ ಮುಗಿದಿದೆಯೋ ಇಲ್ಲವೋ ಎಂದು ತಿಳಿಯಲು ಇಂದಿಗೂ ನಮ್ಮಲ್ಲಿ ಅದೇ ಪರೀಕ್ಷೆ. ಅವರು ತೆಗೆದುಕೊಂಡದ್ದು ನೂರೈವತ್ತು ರೂಪಾಯಿ, ಒಂದು ಲೋಟ ಚಹಾ.

ಎಲ್ಲ ಕೆಲಸಕ್ಕೂ ಒಂದು ಎಂಬ ಆ ಜಾಣ ರಿಮೋಟುಗಳ ಕಾಲವೂ ಬಹುತೇಕ ಮುಗಿಯಿತು. ಹಾರ್ಮನಿ ತಯಾರಿಕೆಯನ್ನು ನಿಲ್ಲಿಸುವುದಾಗಿ ಲಾಜಿಟೆಕ್ 2021ರ ಎಪ್ರಿಲ್‌ನಲ್ಲಿ ಪ್ರಕಟಿಸಿತು. ಎಚ್‌ಡಿಎಂಐ ತಂತಿಯ ಮೂಲಕ ಯಂತ್ರಗಳು ಈಗ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಬಲ್ಲವು. ಒಂದು ಎದ್ದರೆ ಇನ್ನೊಂದನ್ನು ಎಬ್ಬಿಸುತ್ತದೆ. ಅನೇಕ ಸ್ಮಾರ್ಟ್ ಟಿವಿಗಳ ರಿಮೋಟು ಬ್ಲೂಟೂತ್‌ನದು, ಬಾಯಿಮಾತಿಗೂ ಓಗೊಡುತ್ತದೆ. ಅಂತಹದೊಂದನ್ನು ಮೈದುನ ಮೊನ್ನೆಯ ರಜೆಯಲ್ಲಿ ಕೊಂಡ. ಅತ್ತೆ ಈ ಬಾರಿ ಬೆರಗಾಗಲಿಲ್ಲ. ಅವನು ಹೊರಡುವುದಕ್ಕೆ ಮೂರು ದಿನ ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮೊಮ್ಮಗನನ್ನು ಮೈನ್ ಸ್ವಿಚ್ಚಿನ ಬಳಿ ನಿಲ್ಲಿಸಿ, ಟಿವಿ ಓಡುತ್ತಿದ್ದಂತೆಯೇ ಕರೆಂಟು ತೆಗೆಸಿದರು. ಸ್ವಲ್ಪ ಹೊತ್ತು ಬಿಟ್ಟು ಹಾಕಿಸಿದರು. ರಿಮೋಟನ್ನು ತಾವೇ ಹಿಡಿದು ಒತ್ತಿ ನೋಡಿದರು. ಹೀಗೆ ನಾಲ್ಕು ಸಲ ಮಾಡಿಸಿದ ಮೇಲೆಯೇ ಹಳೆಯ ಟಿವಿಯನ್ನು ಒಳಗಿಡಲು ಒಪ್ಪಿದರು.