ಹಿಮದಲ್ಲಿ ನೆನಪಾದ ಬೆಳ್ಳಾವಿ ಹೊಲದ ದಾರಿ

ಬೆಳ್ಳಾವಿಯಲ್ಲಿ ಬೆಳೆದ ನನಗೆ ಚಳಿ ಅಂದ್ರೆ ಬೆಳಗಿನ ಮಂಜು, ಅಷ್ಟೇ. ಕೆಲಸಕ್ಕೆಂದು ಮ್ಯಾಂಚೆಸ್ಟರ್‌ಗೆ ಬಂದ ಮೊದಲ ಜನವರಿಯಲ್ಲಿ ರೈಲು ಹಿಡಿದು ಈಡೇಲ್‌ಗೆ ಹೋದೆ. 1965ರಲ್ಲಿ ಶುರುವಾದ, ಸುಮಾರು 430 ಕಿ.ಮೀ. ಉದ್ದದ ‘ಪೆನ್ನೈನ್ ವೇ’ ಕಾಲುದಾರಿ ಹೊರಡೋದು ಅಲ್ಲಿಂದಲೇ. ಒಂದು ದಿನವಾದರೂ ನಡೆಯೋ ಆಸೆ.

ಮೇಲೆ ಕಿಂಡರ್ ಸ್ಕೌಟ್ ಬಯಲಲ್ಲಿ ಮರಗಳೇ ಇಲ್ಲ. ಹಿಮದ ಕೆಳಗೆ ಪೀಟ್ ಎಂಬ ಕಪ್ಪು ಜೌಗು, ನಮ್ಮೂರ ಕೆರೆಯ ಗೋಡುಮಣ್ಣಿನ ಹಾಗೆ. ಕಾಲು ಮೊಣಕಾಲವರೆಗೆ ಹೂತಿತು. ಮಂಜು ಕವಿಯಿತು. ಚಳಿಗೆ ಬ್ಯಾಟರಿ ಇಳಿದು ಫೋನೂ ಆಫ್!

ನಸುಕಲ್ಲಿ ಹೊಲಕ್ಕೆ ಹೋಗುವಾಗ ಅಪ್ಪ ಹೇಳ್ತಿದ್ದರು: “ದಾರಿ ಕಾಣ್ದಿದ್ರೆ ಮುಂದಕ್ಕೆ ಹೋಗ್ಬೇಡ ಕಣಪ್ಪ, ಬಂದ ಹೆಜ್ಜೆ ಹಿಡ್ಕೊಂಡು ವಾಪಸ್ ಬಾ.” ಹಿಮದಲ್ಲಿ ನನ್ನ ಹೆಜ್ಜೆಗಳಿನ್ನೂ ಮುಚ್ಚಿರಲಿಲ್ಲ. ಅವನ್ನೇ ನೋಡ್ಕೊಂಡು ಇಳಿದೆ.

ಈಗ ಫೋನ್ ಒಳಜೇಬಲ್ಲಿ, ಕಾಗದದ ಮ್ಯಾಪ್ ಕೈಯಲ್ಲಿ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ, “ಅರ್ಧಕ್ಕೇ ವಾಪಸ್ ಬಂದೆ” ಅಂದೆ.

“ಒಳ್ಳೇದಾಯ್ತು. ಊಟ ಆಯ್ತಾ?”