ಹತ್ತು ಮಂದಿ ಕಟ್ಟಿದ ಬಿರಾದರಿ

ಅಮೆರಿಕದ ಕಾಲೇಜುಗಳಲ್ಲಿ 'ಫ್ರಟರ್ನಿಟಿ' ಎಂಬ ವಿದ್ಯಾರ್ಥಿ ಸಂಘಗಳಿವೆ. ಗ್ರೀಕ್ ಅಕ್ಷರಗಳೇ ಅವುಗಳ ಹೆಸರು. ಸಿನಿಮಾ ನೋಡಿದವರಿಗೆ ಅವು ಎಂದರೆ ಪಾರ್ಟಿ ಮತ್ತು ಗಲಾಟೆ. ನಮ್ಮ ಮನೆಯ ಉರ್ದುವಿನಲ್ಲಿ ಅದಕ್ಕೆ ಹತ್ತಿರದ ಮಾತು 'ಬಿರಾದರಿ', ಅಂದರೆ ಅಣ್ಣತಮ್ಮಂದಿರ ಬಳಗ. ಅಂಥದೊಂದು ಬಳಗ ಕಟ್ಟಿ, ಮುಂದೆ ತಮ್ಮ ಊರಿಗೇ ಬೇಕಾದವರಾದ ಎಲ್ಡರ್ ವಾಟ್ಸನ್ ಡಿಗ್ಸ್ ಅವರ ಬಗ್ಗೆ ಬರೆಯುತ್ತಿದ್ದೇನೆ.

ಡಿಗ್ಸ್ ಕೆಂಟಕಿ ರಾಜ್ಯದ ಕಪ್ಪು ವರ್ಣೀಯರು. ಮೊದಲು ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಇದ್ದರು. ಅಲ್ಲಿ ಹೆಚ್ಚಿನವರು ಅವರಂಥವರೇ. ಆಮೇಲೆ ಗೆಳೆಯ ಬೈರನ್ ಆರ್ಮ್‌ಸ್ಟ್ರಾಂಗ್ ಜೊತೆ ಬ್ಲೂಮಿಂಗ್ಟನ್‌ನ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದರು. ಇಲ್ಲಿ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಹಾಸ್ಟೆಲ್‌ನಲ್ಲಿ ಜಾಗವಿಲ್ಲ, ಮನರಂಜನೆಯ ಕೋಣೆಗಳಿಗೆ ಪ್ರವೇಶವಿಲ್ಲ. ಪಾಠ ಕೇಳಬಹುದು, ಸೇರಿ ಬದುಕುವಂತಿಲ್ಲ.

1911ರ ಜನವರಿ 5ರಂದು ಇಂಥ ಹತ್ತು ಮಂದಿ ಸೇರಿ ತಮ್ಮದೇ ಸಂಘ ಕಟ್ಟಿದರು. ಅದರ ಮೊದಲ ಹೆಸರು ಕಪ್ಪಾ ಆಲ್ಫಾ ನ್ಯೂ. ಆ ಹೆಸರನ್ನು ಜನ ಬೈಗುಳವಾಗಿ ತಿರುಚುವುದು ಡಿಗ್ಸ್ ಕಿವಿಗೆ ಬಿತ್ತು. 1915ರಲ್ಲಿ ಹೆಸರು ಕಪ್ಪಾ ಆಲ್ಫಾ ಸೈ ಎಂದಾಯಿತು. ಸಂಘದ ಮೊದಲ ಅಧ್ಯಕ್ಷರು ಡಿಗ್ಸ್ ಅವರೇ.

ನನಗೆ ತುಂಬಾ ಹಿಡಿಸಿದ್ದು ಅವರ ನಿಯಮಾವಳಿ. ಬಣ್ಣ, ಧರ್ಮ, ದೇಶ ನೋಡಿ ಯಾರನ್ನೂ ಹೊರಗಿಡುವ ಮಾತು ಅದರಲ್ಲಿ ಮೊದಲಿನಿಂದಲೂ ಇಲ್ಲ. ಅಕೌಂಟೆನ್ಸಿಯಲ್ಲಿ 'ಪಾಲುದಾರನ ಸೇರ್ಪಡೆ' ಪಾಠ ನಮಗೆಲ್ಲ ಗೊತ್ತು. ಹೊಸಬ ಬಂದರೆ ಹಳಬರ ಪಾಲು ಕಡಿಮೆಯಾಗುತ್ತದೆ, ಅದನ್ನೇ ತ್ಯಾಗದ ಅನುಪಾತ ಎನ್ನುತ್ತೇವೆ. ಬಾಗಿಲು ಮುಚ್ಚುವವರ ಲೆಕ್ಕವೂ ಬಹುಶಃ ಇದೇ. ಆದರೆ ಗೌರವ ಬಂಡವಾಳದಂತೆ ಹಂಚಿ ಮುಗಿಯುವುದಲ್ಲ. ಹೊರಗೆ ನಿಂತು ನೊಂದವರೇ ಇದನ್ನು ತಿಳಿದುಕೊಂಡರು.

ಡಿಗ್ಸ್ 1916ರಲ್ಲಿ ಪದವಿ ಪಡೆದು ಇಂಡಿಯಾನಾಪೊಲಿಸ್ ನಗರದಲ್ಲಿ ಮೇಷ್ಟರಾದರು, ಮುಖ್ಯೋಪಾಧ್ಯಾಯರಾದರು. ಮೊದಲ ಮಹಾಯುದ್ಧ ಬಂದಾಗ ಕೆಲಸ ಬಿಟ್ಟು, ಫೋರ್ಟ್ ಡಿ ಮೊಯಿನ್‌ನಲ್ಲಿ ಕಪ್ಪು ಅಧಿಕಾರಿಗಳಿಗಾಗಿ ತೆರೆದ ತರಬೇತಿ ಶಿಬಿರಕ್ಕೆ ಸೇರಿ ಲೆಫ್ಟಿನೆಂಟ್ ಆದರು, ಯುರೋಪಿಗೂ ಹೋದರು. ಆದರೆ ಅವರದೇ ರಾಜ್ಯದ ಸಂವಿಧಾನದಲ್ಲಿ, ರಾಜ್ಯದ ಸೇನಾಪಡೆ 'ಬಿಳಿಯ' ಗಂಡಸರಿಗೆ ಎಂದು ಬರೆದಿತ್ತು! ದೇಶಕ್ಕಾಗಿ ಯುದ್ಧಕ್ಕೆ ಹೋಗಿ ಬಂದವರಿಗೆ ತಮ್ಮ ರಾಜ್ಯದಲ್ಲೇ ಜಾಗವಿಲ್ಲ. ಅದನ್ನು ತಿದ್ದಿಸಲು ದುಡಿದವರಲ್ಲಿ ಡಿಗ್ಸ್ ಒಬ್ಬರು. 1936ರಲ್ಲಿ ಆ ಒಂದು ಪದ ಹೋಯಿತು.

1947ರಲ್ಲಿ ಅವರು ತೀರಿಕೊಂಡರು. ಇಂಡಿಯಾನಾದ ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಬೇರೆ ಮಾಡಬಾರದೆಂಬ ಕಾನೂನು ಬಂದದ್ದು 1949ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಅವರು ಕಲಿಸಿದ ಶಾಲೆಗೆ ಆಮೇಲೆ ಅವರ ಹೆಸರನ್ನೇ ಇಟ್ಟರು.

ಇದೆಲ್ಲ ನನಗೆ ದೂರದ ಕಥೆ ಅನ್ನಿಸಲಿಲ್ಲ. ನನ್ನ ಅಣ್ಣ ಡಿಗ್ರಿಗೆಂದು ಬೆಂಗಳೂರಿಗೆ ಹೋದಾಗ ಒಂದು ಮನೆಯಲ್ಲಿ ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಗಿತ್ತು. ಕೊನೆಗೆ ಹೆಸರು ಕೇಳಿದರು. ಆಮೇಲೆ ರೂಮ್ ಖಾಲಿ ಇಲ್ಲ ಎಂದರು. ಅಮ್ಮಿ ಫೋನಿನಲ್ಲಿ "ಸಬರ್ ಕರೋ ಬೇಟಾ" ಎಂದರು. ಸಬರ್ ಬೇಕು, ನಿಜ. ಆದರೆ ಡಿಗ್ಸ್ ಅವರ ಸಬರ್ ಕೈಕಟ್ಟಿ ಕೂರುವುದಾಗಿರಲಿಲ್ಲ. ಸಂಘ ಕಟ್ಟಿದರು, ಮಕ್ಕಳಿಗೆ ಕಲಿಸಿದರು, ಒಂದು ಪದ ತೆಗೆಸಲು ದುಡಿದರು.

ಮುಂದಿನ ವರ್ಷ ನಾವೂ ಬೇರೆ ಬೇರೆ ಊರುಗಳಿಗೆ ಹೋಗುತ್ತೇವೆ. ಎಲ್ಲೋ ಬಾಗಿಲು ಮುಚ್ಚಬಹುದು, ಗೊತ್ತಿಲ್ಲ. ಆದರೆ ಈ ಕಾಲೇಜಿನಲ್ಲಿ ನಾವೇ ಹೆಚ್ಚು ಮಂದಿ. ನಮ್ಮ ಮಾತು ಬಾರದೆ, ನಾವು ಉರ್ದುವಿನಲ್ಲಿ ಜೋಕ್ ಹೇಳಿ ನಗುವಾಗ ಸುಮ್ಮನೆ ಕೂರುವ ಗೆಳೆಯರು ಪ್ರತಿ ಕ್ಲಾಸಿನಲ್ಲೂ ಇದ್ದಾರೆ. ನಾಳೆಯಿಂದ ಆ ಜೋಕನ್ನು ಕನ್ನಡದಲ್ಲಿ ಹೇಳೋಣ. ಬಿರಾದರಿ ದೊಡ್ಡದಾಗಲಿ.